ಹಣೆಪಟ್ಟಿಯ ಕಾನೂನು

2010ರಲ್ಲಿ ಹಂಗೇರಿಯ ಮತದಾರರು ವಿಕ್ಟರ್ ಓರ್ಬಾನ್ ಅವರ ಫಿದೆಸ್ ಪಕ್ಷಕ್ಕೆ ಸುಮಾರು ಶೇ 53ರಷ್ಟು ಮತ ಕೊಟ್ಟರು. ಸಂಸತ್ತಿನಲ್ಲಿ ದಕ್ಕಿದ್ದು ಮೂರನೇ ಎರಡರಷ್ಟು ಸ್ಥಾನ. ಸಂವಿಧಾನವನ್ನೇ ಬದಲಿಸಲು ಅಷ್ಟು ಸಾಕಿತ್ತು. ಹೊಸ ಸಂವಿಧಾನ 2012ರ ಜನವರಿ 1ರಿಂದ ಜಾರಿಗೆ ಬಂತು. ನ್ಯಾಯಾಧೀಶರ ನಿವೃತ್ತಿ ವಯಸ್ಸು 70ರಿಂದ 62ಕ್ಕೆ ಇಳಿದು, ಹಿರಿಯರು ಗುಂಪಾಗಿ ಮನೆಗೆ ಹೋದರು. ಅದೇ ವರ್ಷ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಇದು ತಪ್ಪೆಂದಿತು. ಅಷ್ಟರಲ್ಲಿ ಹಲವು ಕುರ್ಚಿಗಳಲ್ಲಿ ಬೇರೆಯವರು ಕೂತಾಗಿತ್ತು.

ಗೆದ್ದ ಪಕ್ಷವೇ ಜನ, ಅದನ್ನು ಪ್ರಶ್ನಿಸುವವರು ಹೊರಗಿನವರು: ಜನಮರುಳು ರಾಜಕಾರಣದ ತಿರುಳು ಇಷ್ಟೇ. 2014ರ ಭಾಷಣವೊಂದರಲ್ಲಿ ಪ್ರಧಾನಿ ಓರ್ಬಾನ್ ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯುವವರನ್ನು ವಿದೇಶಿ ಹಿತಾಸಕ್ತಿಗಳಿಂದ ಸಂಬಳ ಪಡೆಯುವವರೆಂದು ಜರೆದರು. ಕೆಲವೇ ವಾರಗಳಲ್ಲಿ, ನಾರ್ವೆಯ ನೆರವನ್ನು ಹಂಚುತ್ತಿದ್ದ ಸಂಸ್ಥೆಗಳ ಕಚೇರಿಗಳ ಮೇಲೆ ಪೊಲೀಸ್ ದಾಳಿಯಾಯಿತು.

ಆದರೆ ದಾಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಕಾಗದ. 2017ರ ಕಾನೂನಿನ ಪ್ರಕಾರ, ವರ್ಷಕ್ಕೆ ಹಂಗೇರಿಯ ಹಣದಲ್ಲಿ 72 ಲಕ್ಷ ಫೋರಿಂಟ್‌ಗಿಂತ ಹೆಚ್ಚು ವಿದೇಶಿ ಹಣ ಪಡೆಯುವ ಸಂಸ್ಥೆ ನೋಂದಣಿ ಮಾಡಿಸಬೇಕಿತ್ತು, ತನ್ನ ಪ್ರಕಟಣೆಗಳ ಮೇಲೆಲ್ಲ 'ವಿದೇಶಿ ನೆರವಿನ ಸಂಸ್ಥೆ' ಎಂದು ಬರೆದುಕೊಳ್ಳಬೇಕಿತ್ತು. ಯಾರನ್ನೂ ಜೈಲಿಗೆ ಹಾಕದೆ ಅನುಮಾನ ಬಿತ್ತುವ ಉಪಾಯವಿದು. ಬಂಧಿತರು, ನಿರಾಶ್ರಿತರ ಪರ ವಕೀಲಿಕೆ ಮಾಡುವ, 1989ರಲ್ಲಿ ಶುರುವಾದ ಹಂಗೇರಿಯನ್ ಹೆಲ್ಸಿಂಕಿ ಸಮಿತಿ ಮತ್ತು ಇನ್ನು ಕೆಲವು ಸಂಸ್ಥೆಗಳು ಆ ಹಣೆಪಟ್ಟಿಯನ್ನು ಕಟ್ಟಿಕೊಳ್ಳಲು ಒಪ್ಪಲಿಲ್ಲ. 2018ರಲ್ಲಿ ಇನ್ನೊಂದು ಕಾನೂನು ಬಂದು, ಆಶ್ರಯ ಕೋರುವವರಿಗೆ ಸಂಘಟಿತವಾಗಿ ನೆರವಾಗುವುದನ್ನೇ ಅಪರಾಧವೆಂದಿತು. ಮೊದಲನೆಯದು 2020ರ ಜೂನ್‌ನಲ್ಲಿ, ಎರಡನೆಯದು 2021ರ ನವೆಂಬರ್‌ನಲ್ಲಿ ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ನ್ಯಾಯದ ಗಾಲಿ ಉರುಳಲು ಮೂರು ವರ್ಷ ಹಿಡಿದರೆ, ಕಾನೂನಿಗೆ ಮೂರು ವಾರ ಸಾಲುತ್ತದೆ.

ಸರ್ಕಾರ 2017ರ ಕಾನೂನನ್ನು 2021ರಲ್ಲಿ ಹಿಂತೆಗೆದುಕೊಂಡಿತು. 2023ರ ಕೊನೆಯಲ್ಲಿ ಸಾರ್ವಭೌಮತೆ ರಕ್ಷಣೆಯ ಹೆಸರಿನ ಮತ್ತೊಂದನ್ನು ತಂದಿತು. ಅದರಡಿ ಹುಟ್ಟಿದ ಕಚೇರಿ 2024ರಲ್ಲಿ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್‌ನ ಹಂಗೇರಿ ಘಟಕವನ್ನೂ ತನಿಖಾ ಪತ್ರಿಕೋದ್ಯಮದ 'ಆತ್ಲಾತ್ಸೊ'ವನ್ನೂ ವಿಚಾರಣೆಗೆ ಎಳೆಯಿತು.

ಕಾನೂನಿನ ಇದೇ ಅಸ್ತ್ರ ಬೀದಿಯತ್ತಲೂ ತಿರುಗಿತು: 2025ರ ಮಾರ್ಚ್‌ನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮೆರವಣಿಗೆಯನ್ನು ನಿಷೇಧಿಸಲು ದಾರಿ ಮಾಡಲಾಯಿತು. ನಿಷೇಧ ಮೀರಿದವರನ್ನು ಪತ್ತೆಹಚ್ಚಲು ಮುಖ ಗುರುತಿಸುವ ಕ್ಯಾಮೆರಾ, ಅವರಿಗೆ 2 ಲಕ್ಷ ಫೋರಿಂಟ್‌ವರೆಗೆ ದಂಡ. ಬುಡಾಪೆಸ್ಟ್ ಮೇಯರ್ ಗೆರ್ಗೆಯ್ ಕರಾಚೋನಿ ಮೆರವಣಿಗೆಯನ್ನು ನಗರಸಭೆಯ ಕಾರ್ಯಕ್ರಮವೆಂದು ಘೋಷಿಸಿದರು. ಜೂನ್ 28ರಂದು ಒಂದು ಲಕ್ಷಕ್ಕೂ ಹೆಚ್ಚು ಜನ ಬಂದರೆಂದು ಸಂಘಟಕರು ಹೇಳಿದರು. ಅಷ್ಟು ಜನರಿಗೆ ದಂಡ ಹಾಕುವುದು ಯಾರಿಗೆ ಸಾಧ್ಯ? ಭಾಗವಹಿಸಿದವರ ಮೇಲೆ ಕ್ರಮವಿಲ್ಲವೆಂದು ಪೊಲೀಸರು ಜುಲೈನಲ್ಲಿ ತಿಳಿಸಿದರು. ಆದರೆ ಆಗಸ್ಟ್‌ನಲ್ಲಿ ಮೇಯರ್‌ರನ್ನು ಶಂಕಿತರೆಂದು ವಿಚಾರಣೆಗೆ ಕರೆದರು.