ಮುಂಗಡ, ಜೀತ ಮತ್ತು ಒಂದು ಮೊಬೈಲ್ ಪಟ್ಟಿ

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಮೊಬೈಲಿನ ಆ್ಯಪೊಂದರ ಬಗ್ಗೆ ಬರೆಯುವುದೇನಿದೆ ಎಂದು ಕೆಲವರಿಗೆ ಅನ್ನಿಸಬಹುದು. ಕಾವ್ಯ, ಕಾದಂಬರಿ, ಆತ್ಮಕಥನಗಳನ್ನು ಮಾತ್ರ ಪಠ್ಯ ಎಂದುಕೊಂಡವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಸಾಲದ ಚೀಟಿ, ವತನದ ದಫ್ತರ, ಸರ್ಕಾರದ ಪಟ್ಟಿಗಳೂ ಪಠ್ಯಗಳೇ. ನಮ್ಮ ಜನರ ಬದುಕನ್ನು ಕವಿಗಳಿಗಿಂತ ಹೆಚ್ಚಾಗಿ ಬರೆದವು ಇವೇ. ಆದ್ದರಿಂದ ಒಂದು ಪಟ್ಟಿಯನ್ನು ಇಲ್ಲಿ ಓದಲು ಪ್ರಯತ್ನಿಸಿದ್ದೇನೆ.

ಅಮೆರಿಕದ ಕಾರ್ಮಿಕ ಇಲಾಖೆ 2015ರಲ್ಲಿ ‘ಸ್ವೆಟ್ ಅಂಡ್ ಟಾಯ್ಲ್’ ಎಂಬ ಆ್ಯಪನ್ನು ಹೊರತಂದಿತು. ಬೆವರು ಮತ್ತು ದುಡಿತ ಎಂದು ಅದನ್ನು ಕನ್ನಡಿಸಬಹುದು. ಯಾವ ದೇಶದ ಯಾವ ಸರಕಿನ ಹಿಂದೆ ಮಕ್ಕಳ ದುಡಿಮೆ ಅಥವಾ ಬಲವಂತದ ದುಡಿಮೆ ಇದೆ ಎಂಬುದನ್ನು ಬೆರಳ ತುದಿಯಲ್ಲಿ ತೋರಿಸುವುದು ಅದರ ಉದ್ದೇಶ. ಇದಕ್ಕೆ ಆಧಾರವಾದ ಸರಕುಗಳ ಪಟ್ಟಿ ಮೊದಲು ಪ್ರಕಟವಾದದ್ದು 2009ರಲ್ಲಿ. ಆಗ 58 ದೇಶಗಳ 122 ಸರಕುಗಳಿದ್ದವು. 2024ರ ಪಟ್ಟಿಯಲ್ಲಿ 82 ದೇಶಗಳು, 204 ಸರಕುಗಳು. ಘಾನಾದ ಕೋಕೋ, ಕಾಂಗೋದ ಕೋಬಾಲ್ಟ್ ಇವುಗಳ ಜೊತೆಗೆ ಭಾರತದ ಇಟ್ಟಂಗಿ, ಬೀಡಿ, ಜಮಖಾನೆಗಳೂ ಇವೆ. ಭಾರತದ ಹತ್ತಿ ಮತ್ತು ಕಬ್ಬು ಆ ಪಟ್ಟಿಗೆ ಸೇರಿದ್ದು 2014ರಲ್ಲಿ.

ಕಬ್ಬು ಎಂಬ ಹೆಸರು ನೋಡಿದಾಗ ನಾನು ತಡೆದು ನಿಂತೆ. ಯಾಕೆಂದರೆ ಕೃಷ್ಣೆ, ಘಟಪ್ರಭೆಯರ ನಡುವಿನ ನಮ್ಮ ಸೀಮೆ ಕಬ್ಬಿನ ಸೀಮೆ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಕಾರ್ಖಾನೆಗಳ ಹೊಗೆ, ಮಹಾಲಿಂಗಪುರದ ಬೆಲ್ಲದ ಪೇಟೆ, ದೀಪಾವಳಿಯ ಆಚೀಚೆ ರಸ್ತೆ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಇವನ್ನು ನಾವು ಅಭಿವೃದ್ಧಿ ಎನ್ನುತ್ತೇವೆ. ಹೊಲದಂಚಿನಲ್ಲಿ ರವದಿಯ ಗುಡಿಸಲು ಹಾಕಿಕೊಂಡು ನಾಲ್ಕೈದು ತಿಂಗಳು ಬದುಕುವವರನ್ನು ಮಾತ್ರ ‘ಗ್ಯಾಂಗಿನವರು’ ಎಂದು ಕರೆದು ಸುಮ್ಮನಾಗುತ್ತೇವೆ. ನಾನು ಕಂಡ ಗ್ಯಾಂಗುಗಳಲ್ಲಿ ಹೆಚ್ಚಿನವರು ಹೊಲೆಯ, ಮಾದಿಗ, ಲಂಬಾಣಿ ಜನ.

ಮುಧೋಳದ ಕಡೆಯ ಒಂದು ಹೊಲದಲ್ಲಿ ಇಂಥ ಗ್ಯಾಂಗಿನ ಹಿರಿಯ ಹೆಂಗಸೊಬ್ಬಳಿಗೆ ಈ ಪಟ್ಟಿಯ ವಿಷಯ ಹೇಳಿದೆ.

“ಇದರಾಗ ನಮ್ಮ ಹೆಸರ ಐತೇನ ತಮ್ಮಾ?” ಎಂದು ಕೇಳಿದಳು.

“ಕಬ್ಬಿನ ಹೆಸರ ಐತಿ ಯವ್ವಾ.”

“ಕಬ್ಬೇನ ತನ್ನ ತಾನ ಕಡಕೋತೈತೇನು?”

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಆಕೆಯ ಪ್ರಶ್ನೆಗಿಂತ ಹೆಚ್ಚಿನದೇನಲ್ಲ.

ಮೊದಲು ಈ ದುಡಿಮೆ ನಡೆಯುವ ರೀತಿಯನ್ನು ನೋಡೋಣ. ಹಂಗಾಮಿಗೆ ಮುಂಚೆ, ಮಳೆಗಾಲದಲ್ಲಿ ಕೈ ಬರಿದಾದಾಗ, ಗ್ಯಾಂಗಿನ ಮುಖ್ಯಸ್ಥ ಗಂಡಹೆಂಡಿರ ಜೋಡಿಗೆ ಇಷ್ಟು ಎಂದು ಮುಂಗಡ ಕೊಡುತ್ತಾನೆ. ಆ ದುಡ್ಡು ಮದುವೆಗೋ ಆಸ್ಪತ್ರೆಗೋ ಹಳೆಯ ಸಾಲಕ್ಕೋ ಹೋಗಿಬಿಡುತ್ತದೆ. ಕಬ್ಬು ಕಡಿಯುವಾಗ ಕೂಲಿ ಟನ್ನಿನ ಲೆಕ್ಕ. ಅದನ್ನು ಮುಂಗಡಕ್ಕೆ ಮುರಿದುಕೊಳ್ಳುತ್ತಾರೆ. ತೀರದೆ ಉಳಿದದ್ದು ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ. “ತೀರೂತನಾ ಹೋಗಬೇಕರಿ” ಎನ್ನುತ್ತಾರೆ. ಅಪ್ಪ ಅವ್ವ ಹೋದರೆ ಮಕ್ಕಳನ್ನು ಯಾರು ನೋಡಬೇಕು? ಅವೂ ಹೋಗುತ್ತವೆ. ಎಂಟು ವರ್ಷದ ಹುಡುಗಿ ಕೂಸನ್ನು ಎತ್ತಿಕೊಳ್ಳುತ್ತಾಳೆ, ನೀರು ತರುತ್ತಾಳೆ. ಹನ್ನೆರಡರ ಹುಡುಗ ಕಡಿದ ಕಬ್ಬನ್ನು ಒಟ್ಟುಮಾಡಿ ಹೊರೆ ಕಟ್ಟುತ್ತಾನೆ. ಇವನಿಗೆ ಪಗಾರವಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಇವನ ದುಡಿಮೆ ಅಪ್ಪ ಅವ್ವನ ಟನ್ನಿನಲ್ಲಿ ಕರಗಿಹೋಗುತ್ತದೆ. ಬಾಲಕಾರ್ಮಿಕರೇ ಇಲ್ಲ ಎಂದು ಕಾಗದದ ಮೇಲೆ ತೋರಿಸುವುದು ಸುಲಭವಾಗುವುದು ಹೀಗೆ. ಕೇಳಿದರೆ, “ಅವರ ಮನಿ ಹುಡುಗೂರು, ಅಪ್ಪಗ ಕೈ ಜೋಡಸ್ತಾವ” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇನ್ನು ಪಟ್ಟಿಯ ಭಾಷೆ. ಅದರ ಅಂಕಣಗಳು ಮೂರು: ದೇಶ, ಸರಕು, ಶೋಷಣೆಯ ಬಗೆ. ಜೊತೆಯ ವಿವರಣೆಗಳಲ್ಲಿ ಹಿಂದುಳಿದ ಸಮುದಾಯಗಳ ಮಾತು ಬರಬಹುದು, ಆದರೆ ಜಾತಿಗೆ ಅಂಕಣವಿಲ್ಲ. ಇದಕ್ಕೆ ಕಾರಣ ಅದು ನೆಚ್ಚಿಕೊಂಡಿರುವ ವ್ಯಾಖ್ಯಾನದಲ್ಲಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1930ರ ಒಡಂಬಡಿಕೆಯ ಪ್ರಕಾರ, ದಂಡನೆಯ ಬೆದರಿಕೆಯಿಂದ, ಸ್ವಂತ ಇಚ್ಛೆಯಿಲ್ಲದೆ ಮಾಡುವ ಕೆಲಸ ಬಲವಂತದ ದುಡಿಮೆ. ಇಲ್ಲಿ ಒಬ್ಬ ಬೆದರಿಸುವವನು, ಒಬ್ಬ ಬೆದರುವವನು ಇದ್ದಾರೆ. ಆದರೆ ಬೆದರಿಸುವ ಅಗತ್ಯವೇ ಬೀಳದಂತೆ ಒಂದು ಸಮಾಜವನ್ನೇ ಕಟ್ಟಿಟ್ಟಿದ್ದರೆ?

ನಮ್ಮ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿದೆ. ಜೀತ ಹುಟ್ಟುವ ದಾರಿಗಳನ್ನು ಹೇಳುವಾಗ ಅದು ಮುಂಗಡವನ್ನು ಹೇಳುತ್ತದೆ, ರೂಢಿಯ ಕಟ್ಟುಪಾಡನ್ನು ಹೇಳುತ್ತದೆ, ವಂಶಪಾರಂಪರ್ಯವಾಗಿ ಬಂದ ಹೊರೆಯನ್ನು ಹೇಳುತ್ತದೆ. ನಿರ್ದಿಷ್ಟ ಜಾತಿಯಲ್ಲಿ ಹುಟ್ಟಿದ ಕಾರಣವನ್ನೂ ಹೇಳುತ್ತದೆ. ಮುಂಗಡದ ಕಾರಣಕ್ಕೆ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯ ಹೋದರೆ ಅದೂ ಜೀತವೇ, ಅಂಥ ಸಾಲವನ್ನು ತೀರಿಸಬೇಕಾಗಿಲ್ಲ ಎನ್ನುತ್ತದೆ. 1982ರಲ್ಲಿ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಹಸಿವು ಬಡತನಗಳ ಒತ್ತಾಯವೂ ಒತ್ತಾಯವೇ ಎಂದಿತು. ಅಂದರೆ ನಮ್ಮ ಕೈಯಲ್ಲಿರುವ ಮಾತು ಆ ಆ್ಯಪಿನ ಮಾತಿಗಿಂತ ಗಟ್ಟಿಯಾಗಿದೆ. ಅದನ್ನು ಬಳಸುವವರು ಕಡಿಮೆ, ಅಷ್ಟೆ.

ಈ ಮಾತಿಗೆ ಒಂದು ಚರಿತ್ರೆಯೂ ಇದೆ. ಜಮಖಂಡಿ, ಮುಧೋಳ ಸಂಸ್ಥಾನಗಳಾಗಿದ್ದವು. ಬೀಳಗಿ ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದ ಶಾಸನಸಭೆಯಲ್ಲಿ 1928ರಲ್ಲಿ ಅಂಬೇಡ್ಕರ್ ಅವರು 1874ರ ವತನ ಕಾಯ್ದೆಗೆ ತಿದ್ದುಪಡಿ ಮಂಡಿಸಿದರು. ತುಂಡು ಭೂಮಿ ಕೊಟ್ಟು ಹಗಲಿರುಳು ದುಡಿಸಿಕೊಳ್ಳುವ, ಮನೆಯ ಒಬ್ಬ ಇಲ್ಲದಿದ್ದರೆ ಇನ್ನೊಬ್ಬನನ್ನು ಎಳೆದು ತರುವ ವ್ಯವಸ್ಥೆಯನ್ನು ಅವರು ಪ್ರಶ್ನಿಸಿದ್ದರು. ಆ ಮಸೂದೆ ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳು ರದ್ದಾದದ್ದು 1961ರ ಕಾಯ್ದೆಯಿಂದ. ಅಂದು ಭೂಮಿಯ ತುಂಡು ಇಡೀ ಮನೆಯನ್ನು ಕಟ್ಟಿಹಾಕುತ್ತಿತ್ತು. ಇಂದು ಮುಂಗಡ ಕಟ್ಟಿಹಾಕುತ್ತದೆ. ಬಿಟ್ಟಿ ಚಾಕರಿ ಎಂಬ ಶಬ್ದ ಹೋಯಿತು, ಮನೆಮಂದಿಯನ್ನೆಲ್ಲ ಲೆಕ್ಕಕ್ಕೆ ಹಿಡಿಯುವ ರೂಢಿ ಹೋಗಲಿಲ್ಲ.

ರಬಕವಿ-ಬನಹಟ್ಟಿಯ ಮಗ್ಗಗಳ ಪ್ರಶ್ನೆ ಸ್ವಲ್ಪ ಬೇರೆ. ನೇಕಾರರು ದಲಿತರಲ್ಲ. ಆದರೆ ಹುಟ್ಟಿನಿಂದ ಕಸುಬು ಎಂಬ ಗಂಟು ಅವರಿಗೂ ಬಿದ್ದಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ ಹದಿನಾಲ್ಕರೊಳಗಿನವರ ದುಡಿಮೆಯನ್ನು ಎಲ್ಲ ಕಡೆ ನಿಷೇಧಿಸಿತು. ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆತನದ ಕಸುಬಿಗೆ ನೆರವಾಗಬಹುದು ಎಂದು ಬಾಗಿಲು ತೆರೆದಿಟ್ಟಿತು. ಮನೆಯಲ್ಲೇ ಮಗ್ಗವಿರುವಾಗ ಕಂಡಿಕೆ ಸುತ್ತುವ ಕೂಸಿಗೆ ಶಾಲೆ ಯಾವಾಗ ಬಿಟ್ಟಿತು, ಯಾವಾಗ ತಪ್ಪಿತು ಎಂದು ನೋಡುವವರಾರು? ಮನೆತನದ ಕಸುಬು ಎಂಬುದು ಈ ದೇಶದಲ್ಲಿ ಜಾತಿಯ ಇನ್ನೊಂದು ಹೆಸರು. ಚಮ್ಮಾರನ ಮಗನಿಗೆ ಈ ರಿಯಾಯಿತಿ ಏನು ಕಲಿಸುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಪಟ್ಟಿಗೆ ಬಾರದ ದುಡಿಮೆಯೂ ಇದೆ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿ ಯಾವ ಸರಕನ್ನೂ ತಯಾರಿಸುವುದಿಲ್ಲ. ಹಾಗಾಗಿ ಸರಕಿನ ಪಟ್ಟಿಗೆ ಅವಳು ಕಾಣುವುದೂ ಇಲ್ಲ. 1982ರಲ್ಲೇ ರಾಜ್ಯದಲ್ಲಿ ನಿಷೇಧದ ಕಾಯ್ದೆಯಾಯಿತು. 1993-94 ಮತ್ತು 2007-08ರ ಎರಡು ಸಮೀಕ್ಷೆಗಳು ಸೇರಿ 46,660 ದೇವದಾಸಿಯರನ್ನು ಗುರುತಿಸಿದವು. ನಮ್ಮ ಮುಧೋಳ, ಜಮಖಂಡಿಯ ಕೇರಿಗಳು ಈ ಲೆಕ್ಕದಿಂದ ಹೊರಗಿಲ್ಲ.

ಹಾಗಾದರೆ ಇಂಥ ಆ್ಯಪು ಬೇಡವೆ? ನಾನು ಹಾಗೆ ಹೇಳುತ್ತಿಲ್ಲ. 2024ರಲ್ಲಿ ಜಗತ್ತಿನಲ್ಲಿ 13.8 ಕೋಟಿ ಮಕ್ಕಳು ದುಡಿಮೆಯಲ್ಲಿದ್ದರು ಎಂಬುದು ಅಂತರರಾಷ್ಟ್ರೀಯ ಅಂದಾಜು. ನಮ್ಮ ಹುಡುಗ ಘಾನಾದ ಹುಡುಗನ ಅಣ್ಣತಮ್ಮ ಎಂದು ತಿಳಿಯುವುದು ಒಳ್ಳೆಯದೇ. ಆದರೆ ಅದು ಮಾತಾಡುವುದು ಕೊಳ್ಳುವವನ ಜೊತೆ. ಕೊಳ್ಳುವವನ ಮನಸ್ಸಾಕ್ಷಿ ಒಂದೇ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶ ಉದಾಹರಣೆ. 1992ರಲ್ಲಿ ಅಮೆರಿಕದ ಸೆನೆಟಿನಲ್ಲಿ ಹಾರ್ಕಿನ್ ಮಸೂದೆ ಬಂದಾಗ, ಗಾರ್ಮೆಂಟ್ ಮಾಲೀಕರು ಹೆದರಿ ಸಾವಿರಾರು ಮಕ್ಕಳನ್ನು ಹೊರದಬ್ಬಿದರು. ಎಷ್ಟೋ ಮಕ್ಕಳು ಶಾಲೆಗೆ ಹೋಗುವ ಬದಲು ಕಲ್ಲು ಒಡೆಯುವಂಥ ಇನ್ನೂ ಕಠಿಣ ಕೆಲಸಗಳಿಗೆ ಬಿದ್ದರು. ಸರಕು ಶುದ್ಧವಾಯಿತು, ಮಗುವಿನ ಮನೆಯ ಬಡತನ ಹಾಗೆಯೇ ಉಳಿಯಿತು.

ಇಲ್ಲಿ ನಮ್ಮ ವಿಮರ್ಶೆಯೂ ಆತ್ಮಾವಲೋಕನ ಮಾಡಿಕೊಳ್ಳಬೇಕು. 1933ರ ‘ಚೋಮನ ದುಡಿ’ಯಲ್ಲಿ ಚೋಮ ಕಾಫಿ ತೋಟದ ಸಾಲ ತೀರಿಸಲು ತನ್ನ ಮಕ್ಕಳನ್ನು ಘಟ್ಟಕ್ಕೆ ಕಳಿಸುತ್ತಾನೆ. ಅವನ ಭೂಮಿಯ ಆಸೆ, ದುಡಿಯ ನಾದ, ದುರಂತದ ಘನತೆಗಳ ಬಗ್ಗೆ ನಾವು ಎಷ್ಟೆಲ್ಲ ಬರೆದೆವು! ಆ ಸಾಲದ ಲೆಕ್ಕವನ್ನು ಅಷ್ಟೇ ಶ್ರದ್ಧೆಯಿಂದ ಓದಿದ್ದೇವೆಯೆ? ಅಲ್ಲಿ ಸಾಲ ಅಪ್ಪನದು, ದುಡಿದು ತೀರಿಸಬೇಕಾದವರು ಮಕ್ಕಳು. ಮುಧೋಳದ ಹೊಲದಲ್ಲಿ ನಾನು ಕಂಡ ಕಥೆಯೂ ಅದೇ.

ಆದ್ದರಿಂದ ಗೆಳೆಯರಲ್ಲಿ, ಮುಖ್ಯವಾಗಿ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಬರುವ ಹಂಗಾಮಿನಲ್ಲಿ ನಿಮ್ಮೂರಿನ ಹೊಲಕ್ಕೆ ಹೋಗಿ ನಾವೇ ಒಂದು ಪಟ್ಟಿ ಮಾಡೋಣ, ಕನ್ನಡದಲ್ಲಿ. ಯಾವ ಊರಿನ ಜೋಡಿ, ಯಾವ ಜಾತಿ, ಮುಂಗಡ ಎಷ್ಟು, ಎಷ್ಟು ತೀರಿತು, ಸಂಗಡ ಬಂದ ಮಕ್ಕಳೆಷ್ಟು, ಅವರ ಹೆಸರು ಯಾವ ಶಾಲೆಯ ಹಾಜರಿಯಲ್ಲಿದೆ ಎಂದು ಕೇಳೋಣ. ಅವರು ಒಪ್ಪಿದರೆ ಮಾತ್ರ ಬರೆದುಕೊಳ್ಳೋಣ. ಬರೆದದ್ದನ್ನು ಅವರಿಗೇ ಓದಿ ಹೇಳೋಣ. 1976ರ ಕಾಯ್ದೆಯ ಪ್ರಕಾರ ಜಿಲ್ಲೆಗೊಂದು ಜಾಗೃತಿ ಸಮಿತಿ ಇರಬೇಕು. ಆ ಪಟ್ಟಿಯನ್ನು ಅದರ ಮುಂದಿಟ್ಟು ಉತ್ತರ ಕೇಳೋಣ. ಇದು ವಿಮರ್ಶೆಯ ಕೆಲಸವೆ ಎಂದು ಯಾರಾದರೂ ಕೇಳಬಹುದು. ಕಬ್ಬು ತನ್ನ ತಾನೇ ಕಡಿದುಕೊಳ್ಳುವುದಿಲ್ಲ ಎಂದು ಹೇಳಿದ ಆ ಯವ್ವ ಆ ಕೆಲಸವನ್ನು ಆಗಲೇ ಶುರು ಮಾಡಿದ್ದಾಳೆ.