ಹೊಳೆಯನ್ನು ಕೇಳದೆ ಮಾಡಿದ ಲೆಕ್ಕ

ಕುಮಾರಪಟ್ಟಣದ ದಡದಲ್ಲಿ ನಿಂತರೆ ಎದುರಿಗೆ ಹರಿಹರ, ನಡುವೆ ತುಂಗಭದ್ರೆ. ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ 1970ರ ದಶಕದಿಂದ ಇಲ್ಲಿದೆ. ಹೊಳೆಯ ನೀರೆತ್ತಿ, ಬಳಸಿ, ಶುದ್ಧೀಕರಿಸಿ ಮತ್ತೆ ಹೊಳೆಗೇ ಬಿಡುವುದು ಇಂಥ ಕಾರ್ಖಾನೆಗಳ ರೀತಿ. ಸತ್ತ ಮೀನು, ಕೆಟ್ಟ ನೀರಿನ ದೂರು ಹಿಡಿದು 1980ರ ದಶಕದಲ್ಲಿ ಇಲ್ಲಿನ ಜನರೂ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯೂ ನಡೆಸಿದ ಹೋರಾಟ ಈ ಭಾಗಕ್ಕೆ ಗೊತ್ತಿರುವುದೇ. ಆ ಜಗಳದ ತಿರುಳು ಒಂದು ಲೆಕ್ಕದ ಪ್ರಶ್ನೆ: ಎಷ್ಟು ಶುದ್ಧೀಕರಿಸಿದರೆ ಸಾಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಪಿ. ಮುಜುಂದಾರ್ ಮತ್ತು ಸಹಸಂಶೋಧಕರು ಇದೇ ಹೊಳೆಯನ್ನು ಉದಾಹರಣೆಯಾಗಿಟ್ಟುಕೊಂಡು, ದಂಡೆಯ ಊರು-ಕಾರ್ಖಾನೆಗಳಲ್ಲಿ ಯಾರು ಎಷ್ಟು ಕೊಳೆ ತೆಗೆಯಬೇಕೆಂಬುದನ್ನು ಕಂಪ್ಯೂಟರಿನಿಂದಲೇ ಆರಿಸುವ ವಿಧಾನಗಳನ್ನು ರೂಪಿಸಿದರು. ಯಂತ್ರ ಬೇಸರವಿಲ್ಲದೆ ಸಾವಿರ ಹಂಚಿಕೆಗಳನ್ನು ಒರೆಹಚ್ಚಿ ಒಂದನ್ನು ಮುಂದಿಡುತ್ತದೆ. ಆದರೆ ಅದು ಒರೆಹಚ್ಚುವುದು ಹೊಳೆಗಲ್ಲ, ತನ್ನೊಳಗಿನ ಹೊಳೆಯ ಮಾದರಿಗೆ. ಆದ್ದರಿಂದ ವಿನ್ಯಾಸವನ್ನು ಯಂತ್ರಕ್ಕೆ ಒಪ್ಪಿಸಿದಷ್ಟೂ ಮಾದರಿಯನ್ನು ಹೊಳೆಯೊಂದಿಗೆ ತಾಳೆ ನೋಡುವ ಕೆಲಸ ಹೆಚ್ಚಬೇಕು ಎಂಬುದು ನನ್ನ ವಾದ. ನಡೆಯುವುದು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ.

ಇಂಥ ಮಾದರಿಗಳ ಮೂಲ 1925ರದು. ಅಮೆರಿಕದ ಒಹಾಯೊ ನದಿಯನ್ನು ಅಭ್ಯಸಿಸಿ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಬರೆದ ಸಮೀಕರಣ ಒಂದು ಹಗ್ಗಜಗ್ಗಾಟದ ಲೆಕ್ಕ: ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ, ಮೇಲಿನ ಗಾಳಿ ಅದನ್ನು ತುಂಬಿಕೊಡುತ್ತದೆ. ಆಮ್ಲಜನಕ ಅತಿ ಕಡಿಮೆಯಾಗುವುದು ಕೊಳೆನೀರು ಬಿಡುವ ಕೊಳವೆಯ ಬಾಯಲ್ಲಲ್ಲ, ಅಲ್ಲಿಂದ ಎಷ್ಟೋ ದೂರ ಕೆಳಗೆ. ಬಿಸಿಲು ಏರಿದರೆ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟನ್ನೇ ಹಿಡಿಯುತ್ತದೆ. ಕೊಳೆ ಕೊಳೆಯುವ ವೇಗ ಮಾತ್ರ ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಮೀನು ಬದುಕಲು ನಮ್ಮ ಮಾನದಂಡ ಕೇಳುವುದು ಕನಿಷ್ಠ 4 ಮಿಲಿಗ್ರಾಂ. ತುಂಗಭದ್ರೆಯ ಅಧ್ಯಯನದಲ್ಲಿ ಬಳಸಿದ ಕ್ವಾಲ್-2ಕೆ ತಂತ್ರಾಂಶವೂ ಈ ವಂಶದ್ದೇ. ಸಮೀಕರಣ ಎಲ್ಲ ನದಿಗೂ ಒಂದೇ ಇರಬಹುದು, ಅದರೊಳಗಿನ ವೇಗದ ಅಂಕಿಗಳು ಹಾಗಲ್ಲ. ಬಂಡೆ, ಮರಳು, ಮಡು ಬದಲಾದಂತೆ ಅವೂ ಬದಲಾಗುತ್ತವೆ. ಒಹಾಯೊದ ಅಂಕಿ ತುಂಗಭದ್ರೆಗೆ ಹೊಂದಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ.

ಪ್ರೋಗ್ರಾಂ ತಪ್ಪಿಲ್ಲದೆ ಓಡುವುದು ಬೇರೆ, ಮಾದರಿ ವಾಸ್ತವಕ್ಕೆ ಹೊಂದುವುದು ಬೇರೆ. ನಾರ್ವೆಯ ಸ್ಲೈಪ್ನರ್ ತೈಲವೇದಿಕೆಯ ಕಾಂಕ್ರೀಟ್ ಬುಡ 1991ರ ಆಗಸ್ಟ್ 23ರಂದು ನೀರಿನಲ್ಲಿ ಮುಳುಗಿತು. ಲೆಕ್ಕ ಮಾಡಿದ್ದು ಹೆಸರಾಂತ ತಂತ್ರಾಂಶವೇ. ಆದರೆ ಗೋಡೆಗಳು ಕೂಡುವ ಕಡೆ, ಲೆಕ್ಕಕ್ಕಾಗಿ ಮಾದರಿಯನ್ನು ತುಂಡು ತುಂಡಾಗಿ ವಿಭಜಿಸಿದ ಜಾಲ ಒರಟಾಗಿತ್ತು, ಅಲ್ಲಿನ ಒತ್ತಡ ಶೇ 47ರಷ್ಟು ಕಡಿಮೆಯಾಗಿ ಕಂಡಿತ್ತು. ವಿನ್ಯಾಸವನ್ನೂ ಯಂತ್ರವೇ ಆರಿಸುವಾಗ ಈ ಅಪಾಯ ಬಲಿಯುತ್ತದೆ. ಖರ್ಚು ಉಳಿಸು ಎಂದು ಹೇಳಿಸಿಕೊಂಡ ಯಂತ್ರ, ಮಾದರಿ ಎಲ್ಲಿ ಹೊಳೆಯನ್ನು ಇದ್ದುದಕ್ಕಿಂತ ಗಟ್ಟಿಯೆಂದು ನಂಬಿದೆಯೋ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಉಳಿತಾಯ ಸಿಗುವುದು ಅಲ್ಲೇ. ಇದು ಕಪಟವಲ್ಲ, ಹೇಳಿದ ಕೆಲಸವನ್ನು ಅತಿ ನಿಷ್ಠೆಯಿಂದ ಮಾಡಿದ್ದು. ಇನ್ನು ಅಂಕಿಗಳನ್ನು ಹೊಂದಿಸಲು ಬಳಸಿದ ಅಳತೆಗಳಿಂದಲೇ ಮಾದರಿಯನ್ನು ಪರೀಕ್ಷಿಸುವ ರೂಢಿಯೂ ಉಂಟು. ಪಾಠ ಹೇಳುವಾಗ ಬಿಡಿಸಿ ತೋರಿಸಿದ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ಟು ನೂರಕ್ಕೆ ನೂರು ಹಾಕಿದಂತೆ.

ಯಾವ ಮಾದರಿಯೂ ನದಿಯಷ್ಟು ನಿಜವಾಗದು, ಸ್ವಲ್ಪ ಹೆಚ್ಚು ಸುರಕ್ಷತಾ ಅಂತರ ಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಮಾತು ಅರ್ಧ ಸರಿ. ಅಂತರ ಎಷ್ಟಿರಬೇಕೆಂದು ಹೇಳಬಲ್ಲದ್ದು ಮಾದರಿಗೂ ಅಳತೆಗೂ ಇರುವ ವ್ಯತ್ಯಾಸವೇ. ಅದನ್ನು ನೋಡದೆ ಬಿಟ್ಟ ಅಂತರ ಒಮ್ಮೆ ಕಾರ್ಖಾನೆಗೆ ದಂಡ, ಒಮ್ಮೆ ಮೀನಿಗೆ ಸಾವು. ಮುಜುಂದಾರ್ ಅವರ ತಂಡ ಅನಿಶ್ಚಿತತೆಯನ್ನು ‘ಫಜಿ’ ಎಂಬ ಅಸ್ಪಷ್ಟತೆಯ ಗಣಿತದಿಂದ ಲೆಕ್ಕದೊಳಗೇ ಸೇರಿಸಿದ್ದು ಪ್ರಾಮಾಣಿಕ ಹೆಜ್ಜೆ, ಆದರೆ ಅದೂ ಅಳತೆಯ ಬದಲಿಯಲ್ಲ. ಹೆಚ್ಚು ಮಾಲಿನ್ಯಕಾರಿ ಉದ್ದಿಮೆಗಳು ಸತತ ಅಳೆಯುವ ಯಂತ್ರ ಕೂರಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಸೂಚಿಸಿದೆ, ಇನ್ನೇನು ಬೇಕು ಎಂಬ ಪ್ರಶ್ನೆಯೂ ಬರಬಹುದು. ಆ ಯಂತ್ರ ಕೊಳವೆಯ ಕಾವಲುಗಾರ. ಕೆಳಗೆ ಹೊಳೆಯಲ್ಲಿ ಏನಾಯಿತೆಂಬುದು ಅದಕ್ಕೆ ತಿಳಿಯದು.

ಹೊಳೆಯೂ ನಿಂತಲ್ಲಿ ನಿಂತಿಲ್ಲ. ಸಂಶೋಧಕಿ ರೆಹಾನಾ ಮತ್ತು ಮುಜುಂದಾರ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ತುಂಗಭದ್ರೆಯ ಕನಿಷ್ಠ ಹರಿವು ಇಳಿಯುತ್ತಿರುವುದನ್ನೂ ನೀರಿನ ಉಷ್ಣತೆ ಏರುತ್ತಿರುವುದನ್ನೂ ಗುರುತಿಸಿತು. ಹವಾಮಾನ ಹೀಗೇ ಬದಲಾದರೆ, ಎಲ್ಲರೂ ಅನುಮತಿಯ ಮಿತಿಯೊಳಗೇ ಬಿಟ್ಟರೂ ಆಮ್ಲಜನಕ ಗಣನೀಯವಾಗಿ ಕುಸಿಯುತ್ತದೆಂದು ಅದರ ಲೆಕ್ಕ ಹೇಳಿತು. ಅಂದರೆ ಒಮ್ಮೆ ತಾಳೆಯಾದ ಮಾದರಿಯೂ ಹಳಸುತ್ತದೆ, ಮತ್ತೆ ಮತ್ತೆ ತಾಳೆ ನೋಡಬೇಕು. ಅದೂ ಸುಲಭದ ಹೊತ್ತಿನಲ್ಲಲ್ಲ: ಮಳೆಗಾಲದ ಮಧ್ಯಾಹ್ನ ಸೇತುವೆಯಿಂದ ಬಾಟಲಿ ಇಳಿಸಿ ತಂದ ನೀರು ಯಾವ ಮಾದರಿಯನ್ನೂ ಪಾಸು ಮಾಡಿಬಿಡುತ್ತದೆ. ಪಾಚಿಯೂ ರಾತ್ರಿಯಿಡೀ ಆಮ್ಲಜನಕ ಉಂಡು ಮುಗಿಸುವುದರಿಂದ, ಹೊಳೆ ಸೊರಗಿದ ಏಪ್ರಿಲ್ಲಿನಲ್ಲಿ, ಸೂರ್ಯ ಹುಟ್ಟುವ ಮುಂಚೆ, ಕುಮಾರಪಟ್ಟಣದಿಂದ ಸಾಕಷ್ಟು ಕೆಳಗೆ ಇಳಿದು ಆ ಬಾಟಲಿ ತುಂಬಿಸಬೇಕು; ದಡದಲ್ಲೇ ರಾಸಾಯನಿಕ ಹಾಕಿ ಆಮ್ಲಜನಕವನ್ನು ಹಿಡಿದಿಟ್ಟು, ಅಂಕಿಯನ್ನು ಮಾದರಿ ಮೊದಲೇ ಬರೆದಿಟ್ಟ ಅಂಕಿಯ ಪಕ್ಕ ಇಡಬೇಕು.