ಆಹಾರ ತಯಾರಿಕಾ ಘಟಕಗಳಲ್ಲಿ ಪೋಲು ತಡೆ: ಗ್ರಾಮ ಪಂಚಾಯತ್ ಸದಸ್ಯರ ಗಮನಕ್ಕೆ

ಮೆಲ್ಕಾರ್‌ನಂತಹ ಹೆದ್ದಾರಿ ಬದಿಯ ಪೇಟೆಗಳಿಗೆ ಬ್ರೆಡ್, ಚಿಪ್ಸ್, ಹಪ್ಪಳ ಹಾಗೂ ಕುರುಕಲು ತಿಂಡಿಗಳನ್ನು ಒದಗಿಸುವ ಸಣ್ಣ ಘಟಕಗಳು ಗ್ರಾಮೀಣ ಉದ್ಯೋಗದ ಆಧಾರಗಳಾಗಿವೆ. ಇವುಗಳಲ್ಲಿ ಪೋಲಾಗುವ ಆಹಾರವನ್ನು ಸಾಮಾನ್ಯವಾಗಿ ಕಸವೆಂದು ಮಾತ್ರ ಪರಿಗಣಿಸಲಾಗುತ್ತದೆ. ವಾಸ್ತವವಾಗಿ ಅದು ಘಟಕವು ಹಣ ತೆತ್ತು ಖರೀದಿಸಿದ ಕಚ್ಚಾವಸ್ತು, ಇಂಧನ ಹಾಗೂ ದುಡಿಮೆಯ ನಷ್ಟವಾಗಿದೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಮನೆ, ಹೋಟೆಲ್ ಮತ್ತು ಅಂಗಡಿಗಳ ಹಂತದಲ್ಲಿಯೇ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಗಿದೆ. ತಯಾರಿಕಾ ಘಟಕಗಳ ಪೋಲು ಈ ಲೆಕ್ಕದಲ್ಲಿ ಸೇರಿಲ್ಲ.

ಮೊದಲ ಹೆಜ್ಜೆ: ತೂಕ

ಉದಾಹರಣೆಗೆ, ದಿನಕ್ಕೆ 50 ಕೆ.ಜಿ. ಮೈದಾ ಬಳಸುವ ಬೇಕರಿಯಲ್ಲಿ ಶೇ. 4ರಷ್ಟು ಚೆಲ್ಲಿ, ಸೀದು ಅಥವಾ ಮಾರಾಟವಾಗದೆ ಹಿಂದಿರುಗಿ ನಷ್ಟವಾಗುತ್ತದೆ ಎಂದುಕೊಳ್ಳೋಣ. ದಿನಕ್ಕೆ 2 ಕೆ.ಜಿ.ಯಂತೆ 26 ಕೆಲಸದ ದಿನಗಳಲ್ಲಿ 52 ಕೆ.ಜಿ., ಅಂದರೆ ಒಂದು ದಿನದ ಹಿಟ್ಟಿಗಿಂತ ಹೆಚ್ಚು. ಒಂದು ವಾರ ಕಾಲ ಪೋಲನ್ನು ಕಾರಣವಾರು ಪ್ರತ್ಯೇಕವಾಗಿ ತೂಗಿ ಬರೆದಿಟ್ಟಲ್ಲಿ ನಷ್ಟದ ಮೂಲ ತಿಳಿಯುತ್ತದೆ. ಮಾರಾಟವಾಗದೆ ಹಿಂದಿರುಗುವುದೇ ಹೆಚ್ಚಾಗಿದ್ದಲ್ಲಿ ತಯಾರಿಕೆಯ ಪ್ರಮಾಣವನ್ನು ಬೇಡಿಕೆಗೆ ಹೊಂದಿಸಬೇಕು. ಸೀಯುವುದು ಹೆಚ್ಚಾಗಿದ್ದಲ್ಲಿ ಒಲೆಯ ತಾಪಮಾನವನ್ನು ಸರಿಪಡಿಸಬೇಕು. ಹಿಟ್ಟಿಗೆ ಹುಳು ಬಿದ್ದಲ್ಲಿ ಮೊದಲು ಬಂದ ದಾಸ್ತಾನನ್ನು ಮೊದಲು ಬಳಸುವ ಕ್ರಮ ಪಾಲಿಸಬೇಕು.

ಉಳಿದುದರ ಬಳಕೆಯ ಕ್ರಮ

1. ತಿನ್ನಲು ಯೋಗ್ಯವಾದುದು ಜನರಿಗೆ ಸಲ್ಲಬೇಕು. ಹೆಚ್ಚುವರಿ ಆಹಾರದ ಹಂಚಿಕೆಗೆ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮಾವಳಿ ರೂಪಿಸಿದೆ. ಹಲಸಿನ ಚಿಪ್ಸ್ ಘಟಕದಲ್ಲಿ ಉಳಿಯುವ ಬೀಜವೂ ಆಹಾರವೇ. ಒಣಗಿಸಿ ಹುಡಿ ಮಾಡಿ ಮಾರಬಹುದು.
2. ಹಲಸಿನ ರೆಚ್ಚೆ ಮುಂತಾದವು ಜಾನುವಾರುಗಳಿಗೆ ಮೇವಾಗಬಲ್ಲವು. ಬೂಸ್ಟು ಹಿಡಿದ ಬ್ರೆಡ್ ನೀಡಬಾರದು. ಹಿಟ್ಟಿನ ಪದಾರ್ಥಗಳನ್ನು ಒಮ್ಮೆಲೇ ಹೆಚ್ಚಾಗಿ ನೀಡಿದಲ್ಲಿ ಹಸುವಿನ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಜೀವಕ್ಕೂ ಅಪಾಯವಾಗಬಹುದು.
3. ಇನ್ನುಳಿದುದು ಗೋಬರ್ ಗ್ಯಾಸ್ ಘಟಕಕ್ಕೆ ಅಥವಾ ಗೊಬ್ಬರದ ಗುಂಡಿಗೆ ಸೇರಬೇಕು.

ಕರಿದ ಎಣ್ಣೆ ಮತ್ತು ನೇತ್ರಾವತಿ

ಚರಂಡಿಗೆ ಸುರಿದ ಎಣ್ಣೆ ಹಾಗೂ ಹಿಟ್ಟಿನ ನೀರು ತೋಡುಗಳ ಮೂಲಕ ನೇತ್ರಾವತಿಯನ್ನು ಸೇರುತ್ತವೆ. ಪಾಣೆಮಂಗಳೂರಿನಿಂದ ಕೆಳಗೆ ತುಂಬೆಯ ಕಿಂಡಿ ಅಣೆಕಟ್ಟಿನಿಂದ ಮಂಗಳೂರು ನಗರಕ್ಕೆ ಕುಡಿಯುವ ನೀರು ಪೂರೈಕೆಯಾಗುತ್ತದೆ ಎಂಬುದನ್ನು ಮರೆಯಬಾರದು. ಎಫ್‌ಎಸ್‌ಎಸ್‌ಎಐ ಸೂಚನೆಯಂತೆ ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ಘಟಕಗಳು ಬಳಕೆ ಹಾಗೂ ವಿಲೇವಾರಿಯ ದಾಖಲೆ ಇಡಬೇಕು. ಸಣ್ಣ ಘಟಕಗಳೂ ಬಳಸಿದ ಎಣ್ಣೆಯನ್ನು ಡಬ್ಬಿಗಳಲ್ಲಿ ಸಂಗ್ರಹಿಸಿ, ಬಯೋಡೀಸೆಲ್ ತಯಾರಿಕೆಗಾಗಿ ಖರೀದಿಸುವ ಅಧಿಕೃತ ಸಂಸ್ಥೆಗಳಿಗೆ ನೀಡುವುದು ಸೂಕ್ತ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

• ತಮ್ಮ ವಾರ್ಡಿನ ಆಹಾರ ತಯಾರಿಕಾ ಘಟಕಗಳ ಪಟ್ಟಿ ಸಿದ್ಧಪಡಿಸಿ, ಒಂದು ವಾರದ ತೂಕದ ಲೆಕ್ಕ ಇಡಲು ಮನವೊಲಿಸುವುದು.
• ಒಣಕಸದ ವಾಹನಕ್ಕೆ ಎಣ್ಣೆ, ಆಹಾರ ಅಂಟಿದ ಪ್ಲಾಸ್ಟಿಕ್ ಸೇರದಂತೆ ತಿಳಿವಳಿಕೆ ನೀಡುವುದು. ಆಹಾರ ಮೆತ್ತಿದ ಒಣಕಸ ಮರುಬಳಕೆಗೆ ಯೋಗ್ಯವಾಗುವುದಿಲ್ಲ.
• ಹಲವು ಘಟಕಗಳಿರುವಲ್ಲಿ ಸಾಮೂಹಿಕ ಗೊಬ್ಬರ ಅಥವಾ ಅನಿಲ ಘಟಕದ ಪ್ರಸ್ತಾವನೆಯನ್ನು ಗ್ರಾಮಸಭೆಯಲ್ಲಿ ಚರ್ಚಿಸಿ, ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ಅಳವಡಿಸುವುದು.
• ಉತ್ತಮ ಯಂತ್ರೋಪಕರಣ ಅಗತ್ಯವಿರುವ ಅರ್ಹ ಕಿರು ಘಟಕಗಳಿಗೆ ಪಿಎಂಎಫ್‌ಎಂಇ ಯೋಜನೆಯ ಸಾಲ ಸಂಪರ್ಕಿತ ಸಹಾಯಧನದ ಮಾಹಿತಿ ನೀಡುವುದು.

ದಂಡ ವಿಧಿಸುವುದಕ್ಕೆ ಮುನ್ನ ಲೆಕ್ಕ ತೋರಿಸುವುದು ಹೆಚ್ಚು ಫಲಕಾರಿ. ತನ್ನ ನಷ್ಟದ ಪ್ರಮಾಣ ತಿಳಿದ ಉದ್ಯಮಿಯು ಪೋಲು ತಡೆಯಲು ತಾನಾಗಿಯೇ ಮುಂದಾಗುವ ಸಾಧ್ಯತೆ ಹೆಚ್ಚು. ಅಷ್ಟರಮಟ್ಟಿಗೆ ಪಂಚಾಯತಿನ ಕಸದ ಹೊರೆಯೂ ತಗ್ಗುತ್ತದೆ.